ಲಿನಕ್ಸ್ ಹಾಕಿದ ಮೇಲೆ ‘ಠ’ ಚಪ್ಪಟೆಯಾಗಿದೆ! 1024×768 ಬಿಟ್ಟು ಬೇರೆ ರೆಸಲ್ಯೂಷನ್ ಬರುತ್ತಿಲ್ಲ

ಶ್ರೀನಗರ ಟೀಚರ್ · ಶನಿವಾರ, ರಾತ್ರಿ 9:12

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವವಳು. ಕಂಪ್ಯೂಟರ್ ನನಗೆ ಗೊತ್ತಿರುವುದು ಪ್ರಶ್ನೆಪತ್ರಿಕೆ ಟೈಪ್ ಮಾಡುವಷ್ಟು ಮಾತ್ರ. ಪದ ತಪ್ಪಾಗಿ ಬಳಸಿದ್ದರೆ ತಿದ್ದಿ, ನಗಬೇಡಿ.

ತಮ್ಮ ಹೊಸ ಲ್ಯಾಪ್‌ಟಾಪ್ ತೆಗೆದುಕೊಂಡಾಗ ಹಳೆಯದನ್ನು ನನಗೆ ಕೊಟ್ಟ. 2014ರಲ್ಲಿ ಕೊಂಡಿದ್ದು. 15.6 ಇಂಚಿನ ಸ್ಕ್ರೀನ್, ಐ3, 4 ಜಿಬಿ ರ್‍ಯಾಮ್. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಅಪ್‌ಡೇಟ್ ನಿಂತಿತಲ್ಲ, 11 ಹಾಕಲು ಇದು ಲಾಯಕ್ಕಿಲ್ಲ ಅಂತ ಲ್ಯಾಪ್‌ಟಾಪೇ ಹೇಳಿತು. ಕೀಬೋರ್ಡ್ ಚೆನ್ನಾಗಿದೆ, ಸ್ಕ್ರೀನ್ ಮೇಲೆ ಒಂದು ಗೀರಿಲ್ಲ. ಗುಜರಿಗೆ ಹಾಕಲು ಮನಸ್ಸು ಬರಲಿಲ್ಲ. ಮೇಲಿನ ಮನೆ ಹುಡುಗ ಪೆನ್‌ಡ್ರೈವ್‌ನಲ್ಲಿ ಲಿನಕ್ಸ್ ಮಿಂಟ್ 22 ತಂದುಕೊಟ್ಟ.

ಮೊದಲ ಸಲ ಸ್ಕ್ರೀನ್ ಪೂರ್ತಿ ಕಪ್ಪು. ಯಾವುದೋ ವಿಡಿಯೋ ನೋಡಿ ‘ಕಂಪ್ಯಾಟಿಬಿಲಿಟಿ ಮೋಡ್’ ಆರಿಸಿದೆವು, ಬಂತು. ಇನ್‌ಸ್ಟಾಲ್ ಆಯಿತು. ರೀಸ್ಟಾರ್ಟ್ ಮಾಡಿದರೆ ಮತ್ತೆ ಕಪ್ಪು. ಆ ಹುಡುಗ ಎಲ್ಲೋ ಒಂದು ಪದ ಸೇರಿಸಿದ. ಆಮೇಲೆ ಕಪ್ಪಾಗಿಲ್ಲ.

ಆದರೆ ಈಗ ಎಲ್ಲವೂ ಅಗಲಕ್ಕೆ ಎಳೆದ ಹಾಗೆ ಕಾಣುತ್ತದೆ. ಅಕ್ಷರದ ಅಂಚು ಮಸುಕು. ‘ಠ’ ಅಂದರೆ ಕಂಪಾಸಿನಲ್ಲಿ ಎಳೆದ ಹಾಗೆ ದುಂಡಗಿರಬೇಕು. ಇಲ್ಲಿ ಯಾರೋ ಅದರ ಮೇಲೆ ಕೂತು ಎದ್ದು ಹೋದ ಹಾಗಿದೆ. ಡಿಸ್‌ಪ್ಲೇ ಸೆಟ್ಟಿಂಗ್ಸ್ ತೆರೆದರೆ ಪಟ್ಟಿಯಲ್ಲಿ 1024×768, ಕೆಳಗೆ 800×600, ಅಷ್ಟೇ. ಬ್ರೈಟ್‌ನೆಸ್ ಕೀ ಒತ್ತಿದರೆ ಏನೂ ಆಗುವುದಿಲ್ಲ. ಫ್ಯಾನ್ ನಿಲ್ಲುವುದೇ ಇಲ್ಲ. ನಾಳೆ ರಾತ್ರಿಯೊಳಗೆ ಪ್ರಶ್ನೆಪತ್ರಿಕೆ ಕಳಿಸಬೇಕು. ದಾರಿ ಇದೆಯಾ?

ಬೈಟು ಕಾಫಿ · ಶನಿವಾರ, ರಾತ್ರಿ 9:20

ಸಿಂಪಲ್ ಮೇಡಂ. ನಾನೂ ಹಾಸ್ಟೆಲ್ ಲ್ಯಾಪ್‌ಟಾಪಿಗೆ ಇದನ್ನೇ ಮಾಡಿದ್ದು. ಟರ್ಮಿನಲ್ (ಕಮಾಂಡ್ ಟೈಪ್ ಮಾಡುವ ಕಿಟಕಿ) ತೆರೆದು ಸಿ-ವಿ-ಟಿ, ಸ್ಪೇಸ್, 1366, ಸ್ಪೇಸ್, 768 ಅಂತ ಹೊಡೆಯಿರಿ. ಮೋಡ್‌ಲೈನ್ ಅಂತ ಒಂದು ಉದ್ದನೆ ಸಾಲು ಬರುತ್ತದೆ. ಅದನ್ನು ಎಕ್ಸ್‌ರಾಂಡರ್‌ಗೆ (ರೆಸಲ್ಯೂಷನ್ ಬದಲಿಸುವ ಕಮಾಂಡ್) ನ್ಯೂಮೋಡ್ ಅಂತ ಕೊಡಿ, ಆಮೇಲೆ ಆಡ್‌ಮೋಡ್, ಆಮೇಲೆ ಔಟ್‌ಪುಟ್. ಸ್ಕ್ರೀನಿನ ಹೆಸರಿನ ಜಾಗದಲ್ಲಿ ‘ಎಲ್‌ವಿಡಿಎಸ್’ ಅಂತ ಕೊಡಿ. ಐದು ನಿಮಿಷದ ಕೆಲಸ.

ಒಂದು ವಿಷಯ, 1366 ಕೇಳಿದರೂ ಅದು 1368 ಅಂತಲೇ ಕೊಡುತ್ತದೆ. ಗಾಬರಿ ಬೇಡ. ಆ ಲೆಕ್ಕದಲ್ಲಿ ಅಗಲ 8ರಿಂದ ಭಾಗವಾಗಬೇಕು, 1366 ಆಗುವುದಿಲ್ಲ.

ವಿಂಡೋಸೇ ವಾಸಿ · ಶನಿವಾರ, ರಾತ್ರಿ 9:26

ಇದಕ್ಕೇ ನಾನು ಹೇಳುವುದು. ಸ್ಕ್ರೀನ್ ಸರಿ ಮಾಡೋಕೆ ಟರ್ಮಿನಲ್ ತೆರೆಯಬೇಕಾ? ಇದು 2009 ಅಲ್ಲ ಗುರು.

ಶ್ರೀನಗರ ಟೀಚರ್ · ಶನಿವಾರ, ರಾತ್ರಿ 9:58

ಬೈಟು ಅವರೇ, ಮಾಡಿದೆ. ಮೂರು ಸಲ ಮಾಡಿದೆ. ಪ್ರತಿಸಲ ‘ಫೇಲ್ಡ್ ಟು ಗೆಟ್ ಸೈಜ್ ಆಫ್ ಗ್ಯಾಮಾ ಫಾರ್ ಔಟ್‌ಪುಟ್ ಡಿಫಾಲ್ಟ್’ ಅಂತ ಬೈಯುತ್ತದೆ. ಆಡ್‌ಮೋಡ್ ಕೊಟ್ಟರೆ ಒಪ್ಪುತ್ತಿಲ್ಲ. ನೀವು ಹೇಳಿದ ‘ಎಲ್‌ವಿಡಿಎಸ್’ ಹೆಸರು ಪಟ್ಟಿಯಲ್ಲೇ ಇಲ್ಲ, ‘ಡಿಫಾಲ್ಟ್’ ಅಂತ ಮಾತ್ರ ಇದೆ.

ವಿಂಡೋಸೇ ವಾಸಿ ಅವರೇ, ನಿಮ್ಮ ವಿಂಡೋಸೇ ಈ ಲ್ಯಾಪ್‌ಟಾಪನ್ನು ಹೊರಗೆ ಹಾಕಿದ್ದು.

ಹಳೇ ಪೆಂಗ್ವಿನ್ · ಶನಿವಾರ, ರಾತ್ರಿ 10:05

ಮೇಡಂ, ಮೊದಲು ಕೈ ತೆಗೆಯಿರಿ. ಎಕ್ಸ್‌ರಾಂಡರ್ ಮುಚ್ಚಿಬಿಡಿ. ಬೈಟು, ನಿಮ್ಮ ಮೇಲೆ ಕೋಪ ಇಲ್ಲ. ಆದರೆ ಇದು ಜ್ವರದ ಕಾರಣ ಕೇಳದೆ ಥರ್ಮಾಮೀಟರನ್ನು ಫ್ರಿಜ್‌ನಲ್ಲಿ ಇಟ್ಟ ಹಾಗಾಯಿತು.

‘ಡಿಫಾಲ್ಟ್’ ಅನ್ನುವ ಆ ಒಂದು ಪದದಲ್ಲೇ ಅರ್ಧ ಉತ್ತರ ಇದೆ. ಗ್ರಾಫಿಕ್ಸ್ ಡ್ರೈವರ್ (ಗ್ರಾಫಿಕ್ಸ್ ಚಿಪ್ ನಡೆಸುವ ಪ್ರೋಗ್ರಾಂ) ಎದ್ದಿದ್ದರೆ, ಒಳಗಿನ ಸ್ಕ್ರೀನಿಗೆ ಎಲ್‌ವಿಡಿಎಸ್-1 ಅಥವಾ ಇಡಿಪಿ-1 ಅಂತ ಸ್ವಂತ ಹೆಸರು ಇರುತ್ತದೆ. ಡ್ರೈವರ್ ಏಳದೇ ಇದ್ದಾಗ ಎಕ್ಸ್ ಸರ್ವರ್‌ಗೆ (ಸ್ಕ್ರೀನಿನ ಮೇಲೆ ಕಿಟಕಿಗಳನ್ನು ತೋರಿಸುವ ಪ್ರೋಗ್ರಾಂ) ತನ್ನ ಮುಂದೆ ಯಾವ ಸ್ಕ್ರೀನ್ ಇದೆ ಅಂತಲೇ ಗೊತ್ತಿರುವುದಿಲ್ಲ. ಸುಮ್ನೆ ‘ಡಿಫಾಲ್ಟ್’ ಅನ್ನುತ್ತದೆ. ಕೆಲವು ಹೊಸ ಸಿಸ್ಟಂಗಳಲ್ಲಿ ‘ನನ್-1’ ಅಂತ ಬರುತ್ತದೆ, ಅರ್ಥ ಒಂದೇ. ಆ ಸ್ಥಿತಿಯಲ್ಲಿ ನೀವು ಎಷ್ಟು ಮೋಡ್‌ಲೈನ್ ಕೊಟ್ಟರೂ ತಲುಪಿಸುವವರಿಲ್ಲ.

ಮೇಲಿನ ಮನೆ ಹುಡುಗ ಸೇರಿಸಿದ ಆ ಪದ ‘ನೋಮೋಡ್‌ಸೆಟ್’ ಅಂತ ನನ್ನ ಊಹೆ. ವಿಚಾರಿಸಿ.

ಶ್ರೀನಗರ ಟೀಚರ್ · ಶನಿವಾರ, ರಾತ್ರಿ 10:11

ಮೆಟ್ಟಿಲು ಹತ್ತಿ ಕೇಳಿಕೊಂಡು ಬಂದೆ. ಅದೇ ಪದ ಸರ್! ಹೇಗೆ ಗೊತ್ತಾಯಿತು?

ಹಳೇ ಪೆಂಗ್ವಿನ್ · ಶನಿವಾರ, ರಾತ್ರಿ 10:34

ಬ್ರೈಟ್‌ನೆಸ್ ಕೀ ಸತ್ತಿದೆ, ಫ್ಯಾನ್ ನಿಲ್ಲುತ್ತಿಲ್ಲ, ರೆಸಲ್ಯೂಷನ್ 1024ಕ್ಕೆ ನಿಂತಿದೆ. ಮೂರೂ ಒಟ್ಟಿಗೆ ಬಂದರೆ ಬೇರೆ ಏನಿರುತ್ತದೆ?

ಸ್ವಲ್ಪ ಉದ್ದ ಆಗುತ್ತದೆ, ಆದರೂ ಹೇಳುತ್ತೇನೆ. ನಮ್ಮ ಕಾಲದಲ್ಲಿ ಸ್ಕ್ರೀನಿನ ಅಳತೆ, ಫ್ರೀಕ್ವೆನ್ಸಿ ಎಲ್ಲವನ್ನೂ ಒಂದು ಫೈಲಿನಲ್ಲಿ ಕೈಯಲ್ಲಿ ಬರೆಯಬೇಕಿತ್ತು. ಮಾನಿಟರ್ ಜೊತೆ ಬಂದ ಪುಸ್ತಕ ಹುಡುಕಿ ಅಡ್ಡ ಎಷ್ಟು ಕಿಲೋಹರ್ಟ್ಸ್, ಉದ್ದ ಎಷ್ಟು ಹರ್ಟ್ಸ್ ಅಂತ ನೋಡಬೇಕು. ಹಳೇ ದಪ್ಪ ಮಾನಿಟರ್‌ಗೆ ತಪ್ಪು ಫ್ರೀಕ್ವೆನ್ಸಿ ಕೊಟ್ಟರೆ ಮಾನಿಟರೇ ಕೆಡುವ ಅಪಾಯ ಇತ್ತು. 2001ರಲ್ಲಿ ಇಲ್ಲಿ ‘ಲಿನಕ್ಸ್ ಬೆಂಗಳೂರು’ ಸಮ್ಮೇಳನ ಶುರುವಾಯಿತಲ್ಲ, ಮುಂದೆ ‘ಫಾಸ್ ಡಾಟ್ ಇನ್’ ಆಯಿತು. ಆ ದಿನಗಳಲ್ಲಿ ಇಬ್ಬರು ಲಿನಕ್ಸಿಗರು ಸೇರಿದರೆ ಅರ್ಧ ಮಾತು ಈ ಫೈಲಿನ ಬಗ್ಗೆಯೇ.

2009ರಲ್ಲಿ ಬಂದ 2.6.29 ಕರ್ನಲ್‌ನಲ್ಲಿ (ಕರ್ನಲ್ ಅಂದರೆ ಲಿನಕ್ಸ್‌ನ ತಿರುಳು), ಮೊದಲು ಇಂಟೆಲ್ ಚಿಪ್‌ಗಳಿಗೆ, ಈ ಕೆಲಸವನ್ನು ಕರ್ನಲ್ಲೇ ವಹಿಸಿಕೊಂಡಿತು. ಇದಕ್ಕೆ ಕರ್ನಲ್ ಮೋಡ್ ಸೆಟ್ಟಿಂಗ್ ಅಂತ ಹೆಸರು. ಸ್ಕ್ರೀನಿನ ಒಳಗೆ ಇಡಿಐಡಿ ಅಂತ 128 ಬೈಟಿನ ಒಂದು ಜಾತಕ ಇರುತ್ತದೆ. ತಯಾರಕರು ಯಾರು, ಅಳತೆ ಎಷ್ಟು, ಯಾವ ಯಾವ ರೆಸಲ್ಯೂಷನ್ ಸೇರುತ್ತದೆ ಅಂತೆಲ್ಲ. ಕರ್ನಲ್ ಅದನ್ನು ಓದಿ ತಾನೇ ಹೊಂದಿಸುತ್ತದೆ. ನೀವು ‘ನೋಮೋಡ್‌ಸೆಟ್’ ಅಂದರೆ ‘ಯಾವ ಗ್ರಾಫಿಕ್ಸ್ ಡ್ರೈವರೂ ಏಳಬೇಡ’ ಅಂತ ಹೇಳಿದ ಹಾಗೆ. ಜಾತಕ ಓದುವವರೇ ಇಲ್ಲ. ಬಯಾಸ್ (ಆನ್ ಮಾಡಿದಾಗ ಎಲ್ಲಕ್ಕಿಂತ ಮೊದಲು ಏಳುವ ಪ್ರೋಗ್ರಾಂ) ಯಾವ ಹಳೇ ಅಳತೆ ಕೊಟ್ಟಿತೋ ಅದರಲ್ಲೇ ಬದುಕಬೇಕು. ಚಿತ್ರ ಬಿಡಿಸುವ ಕೆಲಸವೂ ಪ್ರೊಸೆಸರ್ ತಲೆಗೆ ಬಿತ್ತು, ಅದಕ್ಕೇ ಫ್ಯಾನ್ ಓಡುತ್ತಿದೆ.

ನಿಮ್ಮ ‘ಠ’ ಲೆಕ್ಕವೂ ಇದೇ. 1024×768 ಅಂದರೆ 4ಕ್ಕೆ 3ರ ಆಕಾರ. ಸ್ಕ್ರೀನ್ 16ಕ್ಕೆ 9. ತುಂಬಿಸಲು ಅಗಲವನ್ನು ಮೂರನೇ ಒಂದು ಭಾಗ ಹಿಗ್ಗಿಸುತ್ತದೆ.

ಬೈಟು ಕಾಫಿ · ಶನಿವಾರ, ರಾತ್ರಿ 10:40

ಸರ್, ನನ್ನ ಲ್ಯಾಪ್‌ಟಾಪಲ್ಲೂ ನೋಮೋಡ್‌ಸೆಟ್ ಇದೆ. ಈಗ ತಾನೇ ನೋಡಿದೆ. ಆದರೆ 1920×1080 ಸರಿಯಾಗೇ ಬರುತ್ತಿದೆಯಲ್ಲ?

ಹಳೇ ಪೆಂಗ್ವಿನ್ · ಶನಿವಾರ, ರಾತ್ರಿ 10:44

ನಿಮ್ಮದು ಯುಇಎಫ್ಐ (ಬಯಾಸ್‌ನ ಜಾಗಕ್ಕೆ ಬಂದ ಹೊಸದು) ಬೂಟ್ ಇರಬೇಕು. ಅದು ಸಾಮಾನ್ಯವಾಗಿ ಸ್ಕ್ರೀನಿನ ನಿಜವಾದ ಅಳತೆಯನ್ನೇ ಕೊಟ್ಟಿರುತ್ತದೆ. ಹಾಗಾಗಿ ಕಣ್ಣಿಗೆ ಸರಿ. ಆದರೆ ಸೆಟ್ಟಿಂಗ್ಸ್‌ನಲ್ಲಿ ಗ್ರಾಫಿಕ್ಸ್ ಎದುರು ‘ಎಲ್‌ಎಲ್‌ವಿಎಂಪೈಪ್’ ಅಂತ ಇದೆಯಾ ನೋಡಿ. ಇದ್ದರೆ ನಿಮ್ಮ ಗ್ರಾಫಿಕ್ಸ್ ಚಿಪ್ ನಿದ್ದೆ ಮಾಡುತ್ತಿದೆ. ಬ್ಯಾಟರಿ ಒಂದೂವರೆ ಗಂಟೆಗೆ ಮುಗಿಯುತ್ತದೆ ಅಂತ ಹೋದ ತಿಂಗಳು ಅತ್ತಿದ್ದು ನೀವೇ ಅಲ್ವಾ?

ಬೈಟು ಕಾಫಿ · ಶನಿವಾರ, ರಾತ್ರಿ 10:45

ಅಯ್ಯೋ. ಇದೆ.

ಕೆಂಗೇರಿ ಕರ್ನಲ್ · ಶನಿವಾರ, ರಾತ್ರಿ 11:02

ಈಗ ಬಂದೆ. ಪೆಂಗ್ವಿನ್ ಸರ್ ಹೇಳಿದ್ದು ಸರಿ. ಆದರೆ ಸುಮ್ನೆ ಆ ಪದ ತೆಗೆದರೆ ಮೇಡಂಗೆ ಮತ್ತೆ ಕಪ್ಪು ಸ್ಕ್ರೀನೇ ಬರಬಹುದು. ಮೊದಲು ಕಪ್ಪಾಗಿದ್ದು ಯಾಕೆ ಅಂತ ತಿಳಿಯಬೇಕು.

ಮೇಡಂ, ಟರ್ಮಿನಲ್‌ನಲ್ಲಿ ಎಲ್-ಎಸ್-ಪಿ-ಸಿ-ಐ, ಸ್ಪೇಸ್, ಹೈಫನ್, ಸಣ್ಣ ಕೆ ಅಂತ ಹೊಡೆಯಿರಿ. ಉದ್ದ ಪಟ್ಟಿ ಬರುತ್ತದೆ. ಅದರಲ್ಲಿ ‘ವಿಜಿಎ’ ಅಂತ ಇರುವ ಸಾಲು, ‘3ಡಿ’ ಅಂತ ಇರುವ ಸಾಲು, ಎರಡರ ಕೆಳಗೂ ಏನಿದೆ ಅಂತ ಇಲ್ಲಿ ಬರೆಯಿರಿ. ಇದು ನೋಡುವ ಕಮಾಂಡ್ ಅಷ್ಟೇ, ಏನನ್ನೂ ಕೆಡಿಸುವುದಿಲ್ಲ.

(ಹೊಸಬರಿಗೆ: ಇಲ್ಲಿ ಕಮಾಂಡನ್ನು ಕನ್ನಡದಲ್ಲಿ ಉಚ್ಚರಿಸಿಯೇ ಬರೆಯುತ್ತೇವೆ. ಕಾಪಿ ಪೇಸ್ಟ್ ಮಾಡಲು ಆಗಬಾರದು ಅಂತಲೇ. ಕೈಯಾರೆ ಹೊಡೆದರೆ ಏನು ಹೊಡೆಯುತ್ತಿದ್ದೇವೆ ಅಂತ ಗೊತ್ತಿರುತ್ತದೆ.)

ಶ್ರೀನಗರ ಟೀಚರ್ · ಶನಿವಾರ, ರಾತ್ರಿ 11:15

ಬರೆದುಕೊಂಡೆ.

‘ವಿಜಿಎ ಕಂಪ್ಯಾಟಿಬಲ್ ಕಂಟ್ರೋಲರ್’ ಅಂತ ಇಂಟೆಲ್ ಹೆಸರು. ಕೆಳಗೆ ‘ಕರ್ನಲ್ ಮಾಡ್ಯೂಲ್ಸ್: ಐ915’.

ಇನ್ನೊಂದು ‘3ಡಿ ಕಂಟ್ರೋಲರ್’, ಎನ್ವಿಡಿಯಾ, ಜಿಎಫ್117ಎಂ, ಅದರ ಮುಂದೆ 610ಎಂ, 710ಎಂ, 810ಎಂ, 820ಎಂ ಅಂತ ರೈಲುಬಂಡಿ. ಕೆಳಗೆ ‘ಕರ್ನಲ್ ಮಾಡ್ಯೂಲ್ಸ್: ಎನ್ವಿಡಿಯಾಎಫ್‌ಬಿ, ನೂವೋ’.

ಬೇರೆ ಎಲ್ಲದರ ಕೆಳಗೆ ‘ಕರ್ನಲ್ ಡ್ರೈವರ್ ಇನ್ ಯೂಸ್’ ಅಂತ ಒಂದು ಸಾಲು ಇದೆ. ಈ ಎರಡಕ್ಕೆ ಮಾತ್ರ ಇಲ್ಲ. ಅದು ಮುಖ್ಯವಾ?

ಕೆಂಗೇರಿ ಕರ್ನಲ್ · ಶನಿವಾರ, ರಾತ್ರಿ 11:31

ಮುಖ್ಯವಾ ಅಂತ ಕೇಳುತ್ತೀರಲ್ಲ ಟೀಚರ್, ಅದೇ ಇಡೀ ಕಥೆ! ಇಲ್ಲದ ಸಾಲನ್ನು ಗಮನಿಸಿದಿರಿ. ಪ್ರಶ್ನೆಪತ್ರಿಕೆ ತಿದ್ದುವವರ ಕಣ್ಣು.

‘ಮಾಡ್ಯೂಲ್ಸ್’ ಅಂದರೆ ಈ ಚಿಪ್ ನಡೆಸಬಲ್ಲ ಡ್ರೈವರ್ ಮನೆಯಲ್ಲಿದೆ ಅಂತ. ‘ಇನ್ ಯೂಸ್’ ಅಂದರೆ ಅದು ಎದ್ದು ಕೆಲಸ ಮಾಡುತ್ತಿದೆ ಅಂತ. ನಿಮ್ಮಲ್ಲಿ ಇಬ್ಬರೂ ಮಲಗಿದ್ದಾರೆ.

ಈಗ ಎರಡು ಚಿಪ್ ವಿಷಯ. ಎನ್ವಿಡಿಯಾ ಸಾಲಿನಲ್ಲಿ ‘ವಿಜಿಎ’ ಅನ್ನದೆ ‘3ಡಿ ಕಂಟ್ರೋಲರ್’ ಅಂದಿದೆ, ನೋಡಿ. ಜಿಎಫ್117 ಚಿಪ್‌ಗೆ ಸ್ಕ್ರೀನ್ ಜೋಡಿಸುವ ಬಾಗಿಲೇ ಇಲ್ಲ. ಅದು ಹಿಂದೆ ಕೂತು ಆಟದ ಚಿತ್ರ ಲೆಕ್ಕ ಹಾಕಿಕೊಡುತ್ತದೆ ಅಷ್ಟೇ. ನಿಮ್ಮ ಸ್ಕ್ರೀನ್ ತಂತಿ ಹೋಗಿರುವುದು ಇಂಟೆಲ್‌ಗೆ. ನನ್ನ ಅಂದಾಜು, ಎನ್ವಿಡಿಯಾದ ಉಚಿತ ಡ್ರೈವರ್ ‘ನೂವೋ’ ಏಳುವಾಗ ಎಡವಿ ಎಲ್ಲವನ್ನೂ ಹಿಡಿದುಕೊಂಡು ನಿಲ್ಲುತ್ತಿದೆ. ಈ ಥರದ ಜೋಡಿ ಲ್ಯಾಪ್‌ಟಾಪ್‌ಗಳಲ್ಲಿ ತುಂಬಾ ಕಂಡಿದ್ದೇನೆ. ಕಪ್ಪು ಸ್ಕ್ರೀನಿಗೆ ಕಾರಣ ಅದು. ಅದನ್ನು ಸುಮ್ಮನಾಗಿಸಲು ಹೋಗಿ ನೋಮೋಡ್‌ಸೆಟ್ ಹಾಕಿ ಇಂಟೆಲ್‌ನ ಬಾಯಿಯನ್ನೂ ಮುಚ್ಚಿದ್ದೀರಿ. ಅಡುಗೆಮನೆ ಸ್ವಿಚ್‌ನಲ್ಲಿ ಕಿಡಿ ಬಂತು ಅಂತ ಮೇನ್ ಸ್ವಿಚ್ಚೇ ಆಫ್ ಮಾಡಿ ಕತ್ತಲಲ್ಲಿ ಕೂತ ಹಾಗೆ.

ಎನ್ವಿಡಿಯಾದ ಸ್ವಂತ ಡ್ರೈವರ್ ಹಾಕೋಣ ಅಂದರೆ, ಈ ಚಿಪ್‌ಗೆ ಆಗುವುದು 390 ಸರಣಿ. ಅದರ ಬೆಂಬಲ 2022ರಲ್ಲೇ ಮುಗಿಯಿತು. ಆ ದಾರಿ ಬೇಡ. ನಾಳೆ ಬೆಳಿಗ್ಗೆ ಮಾಡುವುದು ಇಷ್ಟು.

ಲ್ಯಾಪ್‌ಟಾಪ್ ಆನ್ ಮಾಡಿದ ತಕ್ಷಣ ಶಿಫ್ಟ್ ಒತ್ತಿ ಹಿಡಿಯಿರಿ. ಗ್ರಬ್ ಮೆನು (ಲಿನಕ್ಸ್ ಏಳುವ ಮೊದಲು ಬರುವ ಪಟ್ಟಿ) ಬರುತ್ತದೆ. (ಯುಇಎಫ್ಐ ಇದ್ದವರು ಎಸ್ಕೇಪ್ ಒತ್ತಬೇಕು.) ಮೊದಲ ಸಾಲಿನ ಮೇಲೆ ನಿಂತು ‘ಇ’ ಅಕ್ಷರ ಒತ್ತಿ. ಗೊಂದಲದ ಹಾಗೆ ಕಾಣುವ ಬರಹ ತೆರೆಯುತ್ತದೆ. ಅದರಲ್ಲಿ ‘ಲಿನಕ್ಸ್’ ಅಂತ ಶುರುವಾಗುವ ಸಾಲು ಹುಡುಕಿ, ಕೊನೆಗೆ ಹೋಗಿ. ನೋಮೋಡ್‌ಸೆಟ್ ಅಳಿಸಿ, ಎಫ್10 ಒತ್ತಿ. ಬಂದರೆ ಒಳ್ಳೆಯದು. ಕಪ್ಪಾದರೆ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ, ಮತ್ತೆ ಅಲ್ಲಿಗೇ ಬಂದು ಅದನ್ನು ಅಳಿಸಿದ ಜಾಗದಲ್ಲಿ ‘ನೂವೋ ಡಾಟ್ ಮೋಡ್‌ಸೆಟ್ ಈಕ್ವಲ್ ಟು ಸೊನ್ನೆ’ ಬರೆಯಿರಿ, ಮಧ್ಯೆ ಎಲ್ಲೂ ಸ್ಪೇಸ್ ಇಲ್ಲದೆ. ನೂವೋ ಫ್ರೆಂಚ್ ಪದ, ಕಾಗುಣಿತ ಎನ್-ಓ-ಯು-ವಿ-ಇ-ಎ-ಯು. ಅರ್ಥ ‘ಹೊಸದು’.

ಇದು ಆ ಒಂದು ಸಲಕ್ಕೆ ಮಾತ್ರ. ತಪ್ಪಾದರೆ ರೀಸ್ಟಾರ್ಟ್ ಮಾಡಿ, ಈಗಿನ ಚಪ್ಪಟೆ ‘ಠ’ ಹಾಗೇ ವಾಪಸ್ ಬರುತ್ತದೆ. ಹಾಗಾಗಿ ಧೈರ್ಯವಾಗಿ ಮಾಡಿ.

ಮಜ್ಜಿಗೆ ಹುಳಿ · ಶನಿವಾರ, ರಾತ್ರಿ 11:50

ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ನನ್ನದು ಹೊಸ ಗೇಮಿಂಗ್ ಲ್ಯಾಪ್‌ಟಾಪ್, ಉಬುಂಟು 24.04. ಎನ್ವಿಡಿಯಾ ಡ್ರೈವರ್ ಹಾಕಿದೆ, ಹಾಕಿದೆ ಅಂತ ಅದೇ ಹೇಳುತ್ತದೆ. ಆದರೆ ಹೊರಗಿನ ಮಾನಿಟರ್ ಏಳುವುದೇ ಇಲ್ಲ. ಮಧ್ಯೆ ಒಂದು ನೀಲಿ ಸ್ಕ್ರೀನ್ ಬಂತು, ಹೆದರಿ ಆಫ್ ಮಾಡಿದೆ.

ಕೆಂಗೇರಿ ಕರ್ನಲ್ · ಶನಿವಾರ, ರಾತ್ರಿ 11:57

ಆ ನೀಲಿ ಸ್ಕ್ರೀನ್ ವಿಂಡೋಸಿನ ನೀಲಿ ಅಲ್ಲ ಸ್ವಾಮಿ. ಸೆಕ್ಯೂರ್ ಬೂಟ್ ಆನ್ ಇದ್ದರೆ, ಹೊಸ ಡ್ರೈವರ್ ಮೇಲೆ ಇರುವ ಸಹಿಯನ್ನು ನಂಬಲಾ ಅಂತ ಅದು ಕೇಳುವುದು. ನೀವು ಉತ್ತರ ಕೊಡದೆ ಓಡಿಹೋದಿರಿ, ಅದು ನಂಬಲಿಲ್ಲ, ಡ್ರೈವರ್ ಏಳಲಿಲ್ಲ. ‘ಮೋಕ್‌ಯುಟಿಲ್’ ಕಮಾಂಡಿನಲ್ಲಿ ಆ ಸಹಿಯ ಕೀಲಿಯನ್ನು ಮತ್ತೆ ಇಂಪೋರ್ಟ್ ಮಾಡಿ, ಒಂದು ಪಾಸ್‌ವರ್ಡ್ ಇಟ್ಟು, ರೀಸ್ಟಾರ್ಟ್ ಮಾಡಿ. ನೀಲಿ ಸ್ಕ್ರೀನ್ ಬಂದಾಗ 10 ಸೆಕೆಂಡಿನೊಳಗೆ ಯಾವುದಾದರೂ ಕೀ ಒತ್ತಿ, ‘ಎನ್‌ರೋಲ್ ಮೋಕ್’ ಆರಿಸಿ, ಅದೇ ಪಾಸ್‌ವರ್ಡ್ ಕೊಡಿ. ಸುಮ್ನೆ ನೋಡುತ್ತಾ ಕೂತರೆ ಅದು ತಾನೇ ಮುಂದೆ ಹೋಗಿಬಿಡುತ್ತದೆ. ಜಾಸ್ತಿ ಬೇಕಾದರೆ ಬೇರೆ ಎಳೆ ಶುರು ಮಾಡಿ, ಟೀಚರ್ ಕೆಲಸ ಮೊದಲು ಮುಗಿಯಲಿ.

ಶ್ರೀನಗರ ಟೀಚರ್ · ಭಾನುವಾರ, ಬೆಳಿಗ್ಗೆ 7:48

ಬಂತು!!

ನೋಮೋಡ್‌ಸೆಟ್ ಮಾತ್ರ ತೆಗೆದಾಗ ಕಪ್ಪೇ ಆಯಿತು, ನೀವು ಹೇಳಿದ ಹಾಗೆಯೇ. ಎರಡನೇ ಸಲ ನೂವೋ ಸಾಲು ಬರೆದೆ. ಎದೆ ಹೊಡೆದುಕೊಳ್ಳುತ್ತಿತ್ತು. ಮಿಂಟ್‌ನ ಗುರುತು ಬಂತು, ಅದೇ ಚೂಪಾಗಿ ಕಾಣಿಸಿತು. ಆಗಲೇ ಗೊತ್ತಾಯಿತು. 1366×768. ‘ಠ’ ಬರೆದು ನೋಡಿದೆ, ಒತ್ತಿದ ಹಪ್ಪಳದ ಹಾಗೆ ದುಂಡಗಿದೆ. ಬ್ರೈಟ್‌ನೆಸ್ ಕೀ ಕೆಲಸ ಮಾಡುತ್ತಿದೆ. ಫ್ಯಾನ್ ಸದ್ದು ನಿಂತು ಮನೆಯೇ ಖಾಲಿ ಅನಿಸುತ್ತಿದೆ.

ಇದನ್ನು ಶಾಶ್ವತ ಮಾಡುವುದು ಹೇಗೆ?

ಕೆಂಗೇರಿ ಕರ್ನಲ್ · ಭಾನುವಾರ, ಬೆಳಿಗ್ಗೆ 8:10

ಭೇಷ್. ಈಗ ‘ಇಟಿಸಿ’ ಫೋಲ್ಡರ್ ಒಳಗೆ ‘ಡಿಫಾಲ್ಟ್’, ಅದರೊಳಗೆ ‘ಗ್ರಬ್’ ಅನ್ನುವ ಫೈಲ್. ಸುಡೋ (ಯಜಮಾನನ ಅಧಿಕಾರ ಕೊಡುವ ಕಮಾಂಡ್) ಹಾಕಿ ನ್ಯಾನೋದಲ್ಲಿ (ಟರ್ಮಿನಲ್‌ನ ಟೆಕ್ಸ್ಟ್ ಎಡಿಟರ್) ತೆರೆಯಿರಿ. ‘ಕ್ವಯಟ್ ಸ್ಪ್ಲಾಶ್ ನೋಮೋಡ್‌ಸೆಟ್’ ಅಂತ ಉದ್ಧರಣ ಚಿಹ್ನೆಯೊಳಗೆ ಇರುತ್ತದೆ. ಕೊನೆಯ ಪದ ತೆಗೆದು ನೂವೋ ಸಾಲು ಹಾಕಿ, ಸೇವ್ ಮಾಡಿ. ಆಮೇಲೆ ‘ಸುಡೋ ಅಪ್‌ಡೇಟ್-ಗ್ರಬ್’. ಈ ಕೊನೆಯದನ್ನು ಮರೆತರೆ ಬರೆದದ್ದೆಲ್ಲ ಫೈಲಿನಲ್ಲೇ ಉಳಿಯುತ್ತದೆ.

ಅದೇ ಫೈಲಿನಲ್ಲಿ ‘ಜಿಎಫ್‌ಎಕ್ಸ್‌ಮೋಡ್’ ಅಂತ ಒಂದು ಸಾಲು ಕಾಣುತ್ತದೆ. ಅಲ್ಲಿ 1366×768 ಬರೆದರೆ ಎಲ್ಲ ಸರಿಹೋಗುತ್ತದೆ ಅಂತ ಹೇಳುವ ವಿಡಿಯೋಗಳು ಬೇಕಾದಷ್ಟಿವೆ. ಅದು ಗ್ರಬ್ ಮೆನುವಿನ ಅಳತೆ. ಅದನ್ನು ಬದಲಿಸಿದರೆ ಮಲಗಿರುವ ಡ್ರೈವರ್ ಏಳುವುದಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಎನ್ವಿಡಿಯಾ ಚಿಪ್‌ಗೆ ಈಗ ಯಜಮಾನರಿಲ್ಲ. ಅದನ್ನು ಆಫ್ ಮಾಡುವವರೂ ಇಲ್ಲ. ಹಾಗಾಗಿ ಅದು ಸುಮ್ನೆ ಸ್ವಲ್ಪ ಬ್ಯಾಟರಿ ತಿನ್ನಬಹುದು. ಪ್ಲಗ್ ಹಾಕಿ ಬಳಸುವವರಿಗೆ ಲೆಕ್ಕಕ್ಕಿಲ್ಲ.

ಶ್ರೀನಗರ ಟೀಚರ್ · ಭಾನುವಾರ, ಬೆಳಿಗ್ಗೆ 9:05

ಅಪ್‌ಡೇಟ್-ಗ್ರಬ್ ಕೊಟ್ಟರೆ ‘ಅನ್‌ಟರ್ಮಿನೇಟೆಡ್ ಕೋಟೆಡ್ ಸ್ಟ್ರಿಂಗ್’ ಅಂತಿದೆ. ರೀಸ್ಟಾರ್ಟ್ ಮಾಡಿದರೆ ಮತ್ತೆ ಚಪ್ಪಟೆ.

ಹಳೇ ಪೆಂಗ್ವಿನ್ · ಭಾನುವಾರ, ಬೆಳಿಗ್ಗೆ 9:09

ಅಳಿಸುವಾಗ ಕೊನೆಯ ಉದ್ಧರಣ ಚಿಹ್ನೆಯನ್ನೂ ಅಳಿಸಿದ್ದೀರಿ. ವ್ಯಾಕರಣದ ಟೀಚರ್ ಆಗಿ!

ಶ್ರೀನಗರ ಟೀಚರ್ · ಭಾನುವಾರ, ಬೆಳಿಗ್ಗೆ 9:21

ಅದೇ ಆಗಿತ್ತು. ಮಕ್ಕಳಿಗೆ ಇದಕ್ಕೆ ಅರ್ಧ ಅಂಕ ಕಳೆಯುತ್ತೇನೆ. ಈಗ ಎರಡು ಸಲ ರೀಸ್ಟಾರ್ಟ್ ಮಾಡಿ ನೋಡಿದೆ, ಸರಿ ಇದೆ.

ಆದರೆ ಇನ್ನೊಂದು ಪ್ರಶ್ನೆ. ಅಕ್ಷರ ಚೂಪಾಗಿದೆ, ಆದರೆ ಸಣ್ಣದು. ಒತ್ತಕ್ಷರ ನೋಡಲು ಕನ್ನಡಕ ಮೂಗಿನ ತುದಿಗೆ ತರಬೇಕು. 1280ಕ್ಕೆ ಇಳಿಸಿದರೆ ದೊಡ್ಡದಾಗುತ್ತದೆ, ಆದರೆ ಮತ್ತೆ ಮಸುಕು.

ಬೈಟು ಕಾಫಿ · ಭಾನುವಾರ, ಬೆಳಿಗ್ಗೆ 9:40

ಇದು ನನಗೆ ಗೊತ್ತು, ಈ ಸಲ ಸರಿಯಾಗೇ ಹೇಳುತ್ತೇನೆ! ರೆಸಲ್ಯೂಷನ್ ಮುಟ್ಟಬೇಡಿ ಮೇಡಂ. ಎಲ್‌ಸಿಡಿಯಲ್ಲಿ ಚುಕ್ಕಿಗಳ ಸಂಖ್ಯೆ ಫಿಕ್ಸ್. 1366×768 ಅಂದರೆ ಹತ್ತು ಲಕ್ಷಕ್ಕೂ ಸ್ವಲ್ಪ ಜಾಸ್ತಿ ಚುಕ್ಕಿ, ಒಂದೊಂದಕ್ಕೂ ಅದರದೇ ಜಾಗ. ಬೇರೆ ಅಳತೆ ಕೊಟ್ಟರೆ ಒಂದು ಚುಕ್ಕಿಯ ಬಣ್ಣವನ್ನು ಪಕ್ಕದ ಎರಡಕ್ಕೆ ಹಂಚಬೇಕು, ಅದೇ ಮಸುಕು. ಸಿಸ್ಟಂ ಸೆಟ್ಟಿಂಗ್ಸ್‌ನಲ್ಲಿ ‘ಫಾಂಟ್ ಸೆಲೆಕ್ಷನ್’ ತೆರೆಯಿರಿ. ‘ಟೆಕ್ಸ್ಟ್ ಸ್ಕೇಲಿಂಗ್ ಫ್ಯಾಕ್ಟರ್’ ಅಂತ ಇದೆ. 1.2 ಕೊಡಿ. ಅಕ್ಷರ ಮಾತ್ರ ದೊಡ್ಡದಾಗುತ್ತದೆ, ಚೂಪು ಹಾಗೇ ಇರುತ್ತದೆ.

ಮತ್ತೆ ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಗುಬ್ಬಿ, ನವಿಲು ಅಂತ ಎರಡು ಕನ್ನಡ ಫಾಂಟ್ ಇವೆ. ಹಾಕಿ ನೋಡಿ.

ಮೂರು ಸಾಲಿನ ಮುನಿಯ · ಭಾನುವಾರ, ಬೆಳಿಗ್ಗೆ 10:15

ನನ್ನ ತೊಂದರೆ ಉಲ್ಟಾ. ಆಫೀಸಿನವರು ಕೊಟ್ಟ 14 ಇಂಚಿನದರಲ್ಲಿ 2880×1800. ಅಕ್ಷರ ಸಾಸಿವೆ ಕಾಳು. ಸ್ಕೇಲ್ 200 ಕೊಟ್ಟರೆ ಕುಂಬಳಕಾಯಿ.

ಕೆಂಗೇರಿ ಕರ್ನಲ್ · ಭಾನುವಾರ, ಬೆಳಿಗ್ಗೆ 10:22

ವೇಲ್ಯಾಂಡ್ (ಎಕ್ಸ್‌ನ ಜಾಗಕ್ಕೆ ಬಂದ ಹೊಸದು) ಸೆಷನ್‌ಗೆ ಹೋಗಿ ಫ್ರ್ಯಾಕ್ಷನಲ್ ಸ್ಕೇಲಿಂಗ್ (100, 200ರ ನಡುವಿನ ಅಳತೆ) ಆನ್ ಮಾಡಿ, 150 ಅಥವಾ 175 ಕೊಡಿ. ಹಳೇ ಎಕ್ಸ್‌ನಲ್ಲಿ ಮಾಡಿದರೆ ಮಸುಕು, ಜೊತೆಗೆ ಭಾರ. ಆದರೆ ವೇಲ್ಯಾಂಡ್‌ನಲ್ಲಿ ಎಕ್ಸ್‌ರಾಂಡರ್ ಕೊಟ್ಟು ರೆಸಲ್ಯೂಷನ್ ಬದಲಿಸಲು ಆಗುವುದಿಲ್ಲ, ಆ ವಿಡಿಯೋಗಳನ್ನು ನೋಡಬೇಡಿ.

ಶ್ರೀನಗರ ಟೀಚರ್ · ಸೋಮವಾರ, ಮಧ್ಯಾಹ್ನ 1:30

ಪ್ರಶ್ನೆಪತ್ರಿಕೆ ನಿನ್ನೆಯೇ ಹೋಯಿತು. 1.2 ಹೇಳಿ ಮಾಡಿಸಿದ ಹಾಗಿದೆ. ಥ್ಯಾಂಕ್ಸ್ ಬೈಟು, ಪೂರ್ತಿ ಅಂಕ.

ಆದರೆ ಇವತ್ತು ಶಾಲೆಗೆ ಲ್ಯಾಪ್‌ಟಾಪ್ ತಂದು ಪ್ರೊಜೆಕ್ಟರ್‌ಗೆ ಜೋಡಿಸಿದೆ. ಜೋಡಿಸಿದ್ದೇ ತಡ, ಲ್ಯಾಪ್‌ಟಾಪಲ್ಲೂ ಗೋಡೆಯ ಮೇಲೂ ‘ಠ’ ಚಪ್ಪಟೆ! ನಾನು ಮಾಡಿದ್ದೆಲ್ಲ ಅಳಿಸಿಹೋಯಿತಾ?

ಎಸ್‌ಪಿ ರೋಡ್ ಸವಾರ · ಸೋಮವಾರ, ಮಧ್ಯಾಹ್ನ 1:52

ಏನೂ ಅಳಿಸಿಲ್ಲ ಅಕ್ಕ. ‘ಮಿರರ್’ ಆನ್ ಆಗಿದೆ. ಎರಡೂ ಕಡೆ ಒಂದೇ ಚಿತ್ರ ಬೇಕು ಅಂದರೆ, ಇಬ್ಬರಿಗೂ ಗೊತ್ತಿರುವ ಅಳತೆಗೆ ಇಳಿಯಬೇಕು. ಮಿರರ್ ತೆಗೆಯಿರಿ, ಲ್ಯಾಪ್‌ಟಾಪ್ ಸರಿಹೋಗುತ್ತದೆ.

ಪ್ರೊಜೆಕ್ಟರ್ ಬೆನ್ನಿನ ಮೇಲೆ ಅಳತೆ ಬರೆದಿದೆಯಾ? ಹಳೆಯದಾದರೆ 1024×768 ಅದರ ಹುಟ್ಟು ಅಳತೆಯೇ ಇರಬಹುದು.

ಶ್ರೀನಗರ ಟೀಚರ್ · ಸೋಮವಾರ, ಮಧ್ಯಾಹ್ನ 2:40

ಮಿರರ್ ತೆಗೆದೆ, ಲ್ಯಾಪ್‌ಟಾಪ್ ಸರಿ. ಪ್ರೊಜೆಕ್ಟರ್ ಮೇಲೆ 1280×800 ಅಂತ ಬರೆದಿದೆ. ಆದರೆ ಅದರ ಪಟ್ಟಿಯಲ್ಲಿ 1024×768ಕ್ಕಿಂತ ಮೇಲೆ ಇಲ್ಲ. ಮತ್ತೆ ನೋಮೋಡ್‌ಸೆಟ್ ಹುಡುಕಿದೆ, ಇಲ್ಲ. ‘ಡ್ರೈವರ್ ಇನ್ ಯೂಸ್: ಐ915’ ಇದೆ. ನೀಲಿ ತಲೆಯ ಹಳೇ ಕೇಬಲ್.

ಎಸ್‌ಪಿ ರೋಡ್ ಸವಾರ · ಸೋಮವಾರ, ಮಧ್ಯಾಹ್ನ 3:05

ಇದು ನನ್ನ ಏರಿಯಾ. ಲಿನಕ್ಸ್ ಬಿಡಿ, ಕೇಬಲ್ ಕಿತ್ತು ಬಾಯಿ ನೋಡಿ.

ವಿಜಿಎ ಕೇಬಲ್‌ನಲ್ಲಿ ಮೂರು ಸಾಲು, ಸಾಲಿಗೆ ಐದು, ಒಟ್ಟು 15 ಪಿನ್. ಅಗಲದ ಬದಿ ಮೇಲೆ ಬರುವ ಹಾಗೆ ಹಿಡಿಯಿರಿ. ಮಧ್ಯದ ಸಾಲಿನಲ್ಲಿ 9ನೇ ಪಿನ್ ಇಲ್ಲದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಬಹಳ ಕೇಬಲ್‌ಗಳಲ್ಲಿ ಹುಟ್ಟಾ ಇರುವುದಿಲ್ಲ. ಕೆಳಗಿನ ಸಾಲು ನೋಡಿ. ಅಲ್ಲಿರುವುದು 11ರಿಂದ 15. ಪೆಂಗ್ವಿನ್ ಸರ್ ಹೇಳಿದ ಜಾತಕ ಇದೆಯಲ್ಲ, ಅದು ಬರುವುದು 12 ಮತ್ತು 15ರಲ್ಲಿ. ಕೆಂಪು, ಹಸಿರು, ನೀಲಿ ಬೇರೆ ಪಿನ್. ಹಾಗಾಗಿ 12 ಮುರಿದರೂ ಚಿತ್ರ ಚೆನ್ನಾಗೇ ಬರುತ್ತದೆ, ಜಾತಕ ಮಾತ್ರ ಬರುವುದಿಲ್ಲ. ಆಗ ಕರ್ನಲ್ ‘ಯಾಕಪ್ಪಾ ರಿಸ್ಕ್’ ಅಂತ 1024×768ಕ್ಕೆ ನಿಲ್ಲುತ್ತದೆ.

ಒಂದು ಅಂಗಡಿಯಲ್ಲಿ ನನಗೇ ಹೊಸ ಕೇಬಲ್ ಅಂತ ಕೊಟ್ಟಿದ್ದರು, ಕವರ್ ಬಿಚ್ಚಿದರೆ ಒಳಗೆ ಜಾತಕದ ತಂತಿಯನ್ನೇ ಎಳೆದಿರಲಿಲ್ಲ. ಅಂದಿನಿಂದ ಕೇಬಲ್ ಕೊಳ್ಳುವಾಗ ಮಲ್ಟಿಮೀಟರ್ ಜೇಬಲ್ಲಿ. ಅಂಗಡಿಯವರು ಗುರಾಯಿಸುತ್ತಾರೆ, ಗುರಾಯಿಸಲಿ.

ಬೈಟು ಕಾಫಿ · ಸೋಮವಾರ, ಮಧ್ಯಾಹ್ನ 3:11

ಹಾಗಾದರೆ ಇಲ್ಲಿ ನನ್ನ ಎಕ್ಸ್‌ರಾಂಡರ್ ಕೆಲಸ ಮಾಡುತ್ತದೆ ಅಲ್ವಾ? ಡ್ರೈವರ್ ಎದ್ದಿದೆ, ಜಾತಕ ಮಾತ್ರ ಇಲ್ಲ.

ಹಳೇ ಪೆಂಗ್ವಿನ್ · ಸೋಮವಾರ, ಮಧ್ಯಾಹ್ನ 3:20

ಮಾಡುತ್ತದೆ. ಎಕ್ಸ್‌ರಾಂಡರ್‌ನ ಜಾಗ ಇದೇ. ಆದರೆ ಲಾಗೌಟ್ ಆದರೆ ಹೋಗುತ್ತದೆ, ಮತ್ತೆ ಕೊಡಬೇಕು. ಕೇಬಲ್ ಬದಲಿಸುವುದು ಸುಲಭ.

ಶ್ರೀನಗರ ಟೀಚರ್ · ಮಂಗಳವಾರ, ಸಂಜೆ 5:02

ಟಾರ್ಚ್ ಹಾಕಿ ಎಣಿಸಿದೆವು, ನಾನು ಮತ್ತು ಒಂಬತ್ತನೇ ಕ್ಲಾಸಿನ ಮೂವರು. 13 ಪಿನ್. 9 ಇಲ್ಲ, 12 ಇದ್ದ ಜಾಗದಲ್ಲಿ ಒಂದು ತೂತು. ಕಂಪ್ಯೂಟರ್ ಲ್ಯಾಬಿನಿಂದ ಬೇರೆ ಕೇಬಲ್ ತಂದೆವು. 1280×800 ಪಟ್ಟಿಯ ತಲೆಗೇ ಬಂತು.

ಗೋಡೆಯ ಮೇಲೆ ದೊಡ್ಡ ‘ಠ’ ಬರೆದೆ. ದುಂಡಗಿದೆ ಅಂದೆ. ಒಬ್ಬಳು ನಂಬಲಿಲ್ಲ, ಬೋರ್ಡ್ ಸ್ಕೇಲ್ ಹಿಡಿದು ಬೆಂಚ್ ಹತ್ತಿದಳು. ಅಡ್ಡ 62 ಸೆಂಟಿಮೀಟರ್, ಉದ್ದ 61. ‘ಮಿಸ್, ಒಂದು ಸೆಂಟಿಮೀಟರ್ ಚಪ್ಪಟೆ’ ಅಂದಳು.

ಎಸ್‌ಪಿ ರೋಡ್ ಸವಾರ · ಮಂಗಳವಾರ, ಸಂಜೆ 5:10

ಅದು ಫಾಂಟ್ ಇರಬೇಕು ಅಕ್ಕ. ಇಲ್ಲಾ ಪ್ರೊಜೆಕ್ಟರ್ ಟೇಬಲ್ ಕೆಳಗೆ ಒಂದು ನೋಟ್‌ಬುಕ್ ಇಡಿ.

ಮಜ್ಜಿಗೆ ಹುಳಿ · ಮಂಗಳವಾರ, ಸಂಜೆ 5:31

ಆ 10 ಸೆಕೆಂಡ್ ಮತ್ತೆ ತಪ್ಪಿತು. ಒಗ್ಗರಣೆ ನೋಡಲು ಎದ್ದು ಹೋಗಿದ್ದೆ.